ಉತ್ತರ: ವಿಮಾನದ ಕಿಟಕಿ ಶೇಡ್ ಯಾರ ಕೈಯಲ್ಲಿರಬೇಕು, ಸೀಟ್ ಯಾವ ಕಡೆ ತಗೋಬೇಕು

ನಮಸ್ಕಾರ ಸರ್. ನಿಮ್ಮ ಪೋಸ್ಟೂ ಓದಿದೆ, ಕೆಳಗಿನ ಕಾಮೆಂಟ್‌ಗಳೂ ಓದಿದೆ. ಈಗಷ್ಟೇ ಬಂದವರಿಗೆ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಸರ್ ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಹಗಲಿನ ವಿಮಾನದಲ್ಲಿ ಬರುತ್ತಿದ್ದರು. ಫೋಟೋ ತೆಗೆಯೋಕೆ ಅಂತಲೇ ಜಾಸ್ತಿ ದುಡ್ಡು ಕೊಟ್ಟು ಬಲಗಡೆ ವಿಂಡೋ ಸೀಟ್ ತಗೊಂಡಿದ್ದರು. ಊಟ ಆದಮೇಲೆ ಪಕ್ಕದವರು ಒಂದು ಮಾತೂ ಕೇಳದೆ ಕೈಚಾಚಿ ಶೇಡ್ ಎಳೆದುಬಿಟ್ಟರು. ಇವರು ಮತ್ತೆ ಮೇಲಕ್ಕೆ ತಳ್ಳಿದರು. ಕೊನೆಗೆ ಗಗನಸಖಿ ಬಂದು ಮುಚ್ಚಿ ಅಂದರು. ಈಗ ಸರ್ ಕೇಳುತ್ತಿರೋದು ಎರಡು. ದುಡ್ಡು ಕೊಟ್ಟಿದ್ದು ನಾನಾದರೆ ಶೇಡ್ ಯಾರದು? ನವೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ದೆಹಲಿ ಮೇಲಿಂದ ಪಶ್ಚಿಮ ಬಂಗಾಳದ ಬಾಗ್‌ಡೋಗ್ರಾಕ್ಕೆ ಹೋಗಬೇಕು, ಆಗ ಇದೇ ರಗಳೆ ಆಗದ ಹಾಗೆ ಏನು ಮಾಡಲಿ?

ಕಾಮೆಂಟ್‌ನಲ್ಲಿ ಒಬ್ಬರು 'ಕಿಟಕಿ ಸೀಟಿನವನೇ ರಾಜ' ಅಂದಿದ್ದಾರೆ. ಇನ್ನೊಬ್ಬರು ಮೂರು ಸೀಟಿನವರೂ ವೋಟ್ ಹಾಕಲಿ ಅಂದಿದ್ದಾರೆ. ನನಗೆ ಎರಡೂ ಸರಿ ಅನ್ನಿಸಲಿಲ್ಲ.

ನಾನು ಪಾಲಿಸೋ ಲೆಕ್ಕ ಹೀಗೆ. ಸಿಬ್ಬಂದಿ ಹೇಳಿದರೆ ಅಲ್ಲಿಗೆ ಮುಗಿಯಿತು, ವಾದ ಇಲ್ಲ. ಅವರು ಏನೂ ಹೇಳದೆ ಇದ್ದಾಗ ಶೇಡ್ ಕಿಟಕಿ ಪಕ್ಕ ಕೂತವರ ಕೈಯಲ್ಲಿ. ಮಧ್ಯದವರು, ಓಣಿ ಕಡೆಯವರು ಕೇಳಬಹುದು, ಕೈಹಾಕುವ ಹಾಗಿಲ್ಲ. ಮತ್ತೊಬ್ಬರ ಎದೆಯ ಮೇಲಿಂದ ಕೈ ಹಾಯಿಸಿ ಶೇಡ್ ಎಳೆಯೋದು ತಪ್ಪೇ, ನಿಮ್ಮ ಪಕ್ಕದವರು ಮಾಡಿದ್ದು ಸರಿ ಅಂತ ಯಾರೂ ಹೇಳೋದಿಲ್ಲ. ಆದರೆ ಕೇಳಿದಾಗ ಅರ್ಧವಾದರೂ ಇಳಿಸಬೇಕಾದ್ದು ಕಿಟಕಿಯವರ ಮರ್ಯಾದೆ. ನೀವು ದುಡ್ಡು ಕೊಟ್ಟಿದ್ದು ಸೀಟಿಗೆ. ಅಲ್ಲಿಂದ ಒಳಗೆ ಬರುವ ಬಿಸಿಲು ಮೂರು ಜನರ ಮುಖಕ್ಕೂ ಹೊಡೆಯುತ್ತೆ, ಕೆಲವೊಮ್ಮೆ ಆಚೆ ಸಾಲಿನವರ ಟಿವಿ ಪರದೆಗೂ.

ಟೇಕಾಫ್, ಲ್ಯಾಂಡಿಂಗ್ ಹೊತ್ತಿನದು ಮಾತ್ರ ಬೇರೆ ಲೆಕ್ಕ. ಆಗ ಶೇಡ್ ತೆರೆದಿರಬೇಕು ಅಂತ ನಮ್ಮಲ್ಲಿ ಪ್ರತಿ ವಿಮಾನದಲ್ಲೂ ಹೇಳುತ್ತಾರೆ. ಸುಮ್ನೆ ಶಾಸ್ತ್ರಕ್ಕೆ ಹೇಳೋದಲ್ಲ. ಏನಾದರೂ ಆದರೆ ಯಾವ ಕಡೆ ಬೆಂಕಿ ಇದೆ, ಯಾವ ಬಾಗಿಲು ತೆರೆಯಬಹುದು ಅಂತ ಒಳಗಿನವರಿಗೆ ತಕ್ಷಣ ಕಾಣಬೇಕು, ಹೊರಗಿನವರಿಗೆ ಒಳಗಿನ ಸ್ಥಿತಿ ಕಾಣಬೇಕು. ಅರ್ಧದಷ್ಟು ಬಾಗಿಲುಗಳು ಮಾತ್ರ ತೆರೆದರೂ 90 ಸೆಕೆಂಡಿನೊಳಗೆ ಎಲ್ಲರೂ ಹೊರಗೆ ಬರುವಂತಿರಬೇಕು ಅನ್ನೋದು ದೊಡ್ಡ ವಿಮಾನಗಳಿಗೆ ಒಪ್ಪಿಗೆ ಕೊಡುವಾಗಿನ ಷರತ್ತು. ಅಷ್ಟು ಕಡಿಮೆ ಹೊತ್ತಿನಲ್ಲಿ ಶೇಡ್ ಎತ್ತಿ ಇಣುಕಿ ನೋಡ್ತಾ ಕೂರೋಕಾಗಲ್ಲ. ರಾತ್ರಿ ಒಳಗಿನ ದೀಪ ಮಂದ ಮಾಡೋದೂ ಇದಕ್ಕೇ, ಕಣ್ಣು ಹೊರಗಿನ ಕತ್ತಲೆಗೆ ಮೊದಲೇ ಹೊಂದಿಕೊಂಡಿರಲಿ ಅಂತ.

ಕಿಟಕಿಯಿಂದ ಕಂಡಿದ್ದು ಎಷ್ಟು ಮುಖ್ಯ ಅನ್ನೋದಕ್ಕೆ 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್ವರ್ತ್‌ನಲ್ಲಿ ಬಿದ್ದ ಬ್ರಿಟಿಷ್ ಮಿಡ್‌ಲ್ಯಾಂಡ್ ವಿಮಾನದ ಕಥೆ ನೋಡಿ. ಕೆಟ್ಟಿದ್ದು ಎಡಗಡೆ ಎಂಜಿನ್. ಪೈಲಟ್‌ಗಳು ಬಲಗಡೆಯದು ಕೆಟ್ಟಿದೆ ಅಂದುಕೊಂಡು ಅದನ್ನೇ ನಿಲ್ಲಿಸಿದರು, ಮೈಕ್‌ನಲ್ಲಿ ಹಾಗೇ ಹೇಳಿದರು. ಹಿಂದೆ ಕೂತ ಕೆಲವರಿಗೆ ಎಡಗಡೆ ಎಂಜಿನ್‌ನಿಂದ ಕಿಡಿ ಹಾರೋದು ಕಾಣುತ್ತಿತ್ತು. ಪೈಲಟ್ ಬಲಗಡೆ ಅನ್ನುತ್ತಿದ್ದಾರಲ್ಲ ಅಂತ ಗೊಂದಲ ಆಯಿತು, ಆದರೆ ಆ ಮಾತು ಕಾಕ್‌ಪಿಟ್ ತನಕ ಹೋಗಲಿಲ್ಲ. 47 ಜನ ಸತ್ತರು. ಹಾಗಾಗಿ ಆ ಹೊತ್ತಿನಲ್ಲಿ 'ನನಗೆ ನಿದ್ದೆ ಬರ್ತಿದೆ' ಅಂತ ಶೇಡ್ ಇಳಿಸಿ ಕೂರೋರನ್ನ ಕಂಡರೆ ನನಗೆ ಕೋಪ ಬರುತ್ತೆ.

ಇದಕ್ಕೆ ತದ್ವಿರುದ್ಧ ನಿಯಮವೂ ಬಂದಿತ್ತು. 2025ರ ಮೇ ತಿಂಗಳಲ್ಲಿ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಒಂದು ಆದೇಶ ಹೊರಡಿಸಿತು. ರಕ್ಷಣಾ ಪಡೆಗಳ ನೆಲೆಗಳಲ್ಲಿ, ಮುಖ್ಯವಾಗಿ ಪಶ್ಚಿಮ ಗಡಿ ಕಡೆಯವುಗಳಲ್ಲಿ, ವಿಮಾನ ಹತ್ತು ಸಾವಿರ ಅಡಿ ಏರುವ ತನಕ, ಇಳಿಯುವಾಗ ಹತ್ತು ಸಾವಿರ ಅಡಿಗಿಂತ ಕೆಳಗೆ ಬಂದಮೇಲೆ ಶೇಡ್ ಮುಚ್ಚಿರಬೇಕಿತ್ತು, ತುರ್ತು ಬಾಗಿಲ ಕಿಟಕಿಗಳನ್ನು ಬಿಟ್ಟು. ಅಂದರೆ ಆಗ ಒಂದು ಊರಲ್ಲಿ ತೆರೆಯಿರಿ, ಇನ್ನೊಂದು ಊರಲ್ಲಿ ಮುಚ್ಚಿರಿ ಅನ್ನೋ ಹಾಗಾಗಿತ್ತು. ಹೋದ ಸಲ ಹಾಗೆ ಹೇಳಿದ್ದರಲ್ಲ ಅಂತ ಜಗಳಕ್ಕೆ ಹೋಗಬೇಡಿ. ಆ ದಿನ ಆ ವಿಮಾನದಲ್ಲಿ ಏನು ಹೇಳುತ್ತಾರೋ ಅದನ್ನು ಕೇಳಿ.

ಇನ್ನು ಊಟದ ನಂತರ ಶೇಡ್ ಮುಚ್ಚಿಸಿದ್ದು. ಹೊರಗೆ ಒಳ್ಳೆ ಬಿಸಿಲು, ಒಳಗೆ ಮಧ್ಯರಾತ್ರಿ ಮಾಡ್ತಾರೆ ಅಂತ ನೀವು ಬೇಜಾರು ಮಾಡಿಕೊಂಡಿದ್ದೀರಿ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಬರೋ ವಿಮಾನದಲ್ಲಿ ಯಾರ್ಯಾರು ಕೂತಿರುತ್ತಾರೆ ನೋಡಿ. ಅದರಲ್ಲಿ ಎಷ್ಟೋ ಜನ ಅಮೆರಿಕದಿಂದ ಬಂದು ಅಲ್ಲಿ ವಿಮಾನ ಬದಲಿಸಿದವರು. ಫ್ರಾಂಕ್‌ಫರ್ಟ್‌ನಲ್ಲಿ ಮಧ್ಯಾಹ್ನ ಒಂದು ಗಂಟೆ ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಜಾವ ನಾಲ್ಕು. ಹಿಂದಿನ ರಾತ್ರಿಯೆಲ್ಲ ಮಗುವನ್ನ ತೊಡೆ ಮೇಲೆ ಮಲಗಿಸಿಕೊಂಡು ಬಂದ ತಾಯಿಗೆ ಅದು ಹಗಲಲ್ಲ. ನಿಮಗೆ ಮಾತ್ರ ಹಗಲು. ಸಿಬ್ಬಂದಿ ಒಬ್ಬೊಬ್ಬರ ಗಡಿಯಾರ ನೋಡಿ ಕೂರೋಕಾಗಲ್ಲ, ಎಲ್ಲರಿಗೂ ಒಂದೇ ಕತ್ತಲೆ ಮಾಡಿಬಿಡುತ್ತಾರೆ. ಬೇಸಿಗೆಯಲ್ಲಿ ಉತ್ತರ ಧ್ರುವದ ಕಡೆಯಿಂದ ಹಾರುವ ಅಮೆರಿಕದ ವಿಮಾನಗಳಲ್ಲಂತೂ ಎಷ್ಟೋ ಗಂಟೆ ಸೂರ್ಯ ಮುಳುಗೋದೇ ಇಲ್ಲ. ಅಲ್ಲಿ ಶೇಡ್ ಮುಚ್ಚಿಸದಿದ್ದರೆ ಯಾರೂ ಕಣ್ಣು ಮುಚ್ಚೋದಿಲ್ಲ.

ಬೋಯಿಂಗ್ 787ರಲ್ಲಿ ಈ ಎಳೆದಾಟಕ್ಕೆ ಜಾಗವೇ ಇಲ್ಲ. ಎಳೆಯೋ ಶೇಡ್ ಇಲ್ಲ, ಕಿಟಕಿ ಕೆಳಗೆ ಬಟನ್ ಇರುತ್ತೆ. ಒತ್ತಿದರೆ ಗಾಜು ನಿಧಾನಕ್ಕೆ ಕಡುನೀಲಿಗೆ ತಿರುಗುತ್ತೆ. ಒತ್ತಿದ ತಕ್ಷಣ ಆಗಲ್ಲ, ಸ್ವಲ್ಪ ಕಾಯಬೇಕು. ಸಿಬ್ಬಂದಿ ತಮ್ಮ ಪ್ಯಾನೆಲ್‌ನಿಂದ ಇಡೀ ವಿಮಾನದ ಕಿಟಕಿಗಳನ್ನು ಒಟ್ಟಿಗೆ ಕಪ್ಪಾಗಿಸಬಹುದು, ಲಾಕ್ ಕೂಡ ಮಾಡಬಹುದು. ಆಮೇಲೆ ನೀವು ಎಷ್ಟು ಒತ್ತಿದರೂ ಅಷ್ಟೇ. ಪೂರ್ತಿ ಕಪ್ಪಾದರೂ ನೇರ ಸೂರ್ಯ ಇದ್ದರೆ ನೀಲಿ ಬಿಲ್ಲೆ ಹಾಗೆ ಕಾಣುತ್ತಲೇ ಇರುತ್ತೆ, ಕಿಟಕಿ ಕಡೆಯ ಕೆನ್ನೆ ಬಿಸಿಯಾಗುತ್ತೆ. ಫೋಟೋದವರಿಗೆ ಆ ನೀಲಿ ಛಾಯೆ ದೊಡ್ಡ ತಲೆನೋವು. ನನ್ನ ಮಟ್ಟಿಗೆ ಹಳೇ ಪ್ಲಾಸ್ಟಿಕ್ ಶೇಡೇ ವಾಸಿ. ನಾಲ್ಕು ಬೆರಳು ಎತ್ತಿ ಇಣುಕೋಕಾದರೂ ಆಗುತ್ತೆ.

ಎರಡು ಸಾಲಿನ ನಡುವೆ ಬರುವ ಕಿಟಕಿ ಯಾರದು ಅಂತ ಮೇಡಂ ಒಬ್ಬರು ಕೇಳಿದ್ದಾರೆ, ಒಳ್ಳೆ ಪ್ರಶ್ನೆ. ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಮುಂದಿನವರು ಗಾಜು ಹಿಂದಕ್ಕೆ ತಳ್ಳಿದರೆ ನಮ್ಮ ಗಾಳಿ ಬಂದ್ ಆಗುತ್ತಲ್ಲ, ಅದೇ ಕಥೆ. ಕಿಟಕಿಗಳ ಅಂತರ ವಿಮಾನ ಕಟ್ಟಿದಾಗಲೇ ಗಟ್ಟಿ. ಸೀಟ್ ಸಾಲುಗಳನ್ನು ವಿಮಾನ ಕಂಪನಿ ತನಗೆ ಬೇಕಾದ ಹಾಗೆ ಕೂಡಿಸುತ್ತೆ. ಅದಕ್ಕೇ ಒಬ್ಬರಿಗೆ ಎರಡು ಕಿಟಕಿ, ಇನ್ನೊಬ್ಬರಿಗೆ ಅರ್ಧ. ಯಾರು ಕುತ್ತಿಗೆ ತಿರುಗಿಸದೆ ನೋಡಬಹುದೋ ಅವರದು ಅಂತ ನಾನು ಇಟ್ಟುಕೊಂಡಿದ್ದೇನೆ. ನಿಮ್ಮ ಭುಜದ ಹಿಂದೆ ಇರೋ ಕಿಟಕಿಯನ್ನ ಹಿಂದಿನವರಿಗೆ ಬಿಡಿ. ಕೆಲವು ವಿಂಡೋ ಸೀಟಿಗೆ ಕಿಟಕಿಯೇ ಇರೋದಿಲ್ಲ. ಬೋಯಿಂಗ್ 737ರಲ್ಲಿ ಎಸಿ ಕೊಳವೆ ಗೋಡೆಯೊಳಗೆ ಹಾದುಹೋಗುವ ಕಡೆ ಬರೀ ಗೋಡೆ. ದುಡ್ಡು ಕೊಟ್ಟು ಗೋಡೆ ನೋಡಿದ ಪ್ರಯಾಣಿಕರು 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಡೆಲ್ಟಾ ಮತ್ತು ಯುನೈಟೆಡ್ ಮೇಲೆ ಕೇಸ್ ಹಾಕಿದರು. ಬುಕ್ ಮಾಡುವ ಮುಂಚೆ ಸೀಟ್ ಮ್ಯಾಪ್ ಒಮ್ಮೆ ನೋಡಿಕೊಳ್ಳಿ.

ಈಗ ನಮ್ಮ ಗುಂಪಿಗೆ ನಿಜವಾಗಿ ಉಪಯೋಗ ಆಗೋ ವಿಷಯ. ಶೇಡ್ ಜಗಳದಲ್ಲಿ ಮುಕ್ಕಾಲು ಪಾಲು ಬಿಸಿಲಿನ ಜಗಳ. ಬಿಸಿಲು ಬೀಳದ ಕಡೆ ಕೂತರೆ ನೀವು ಶೇಡ್ ತೆರೆದಿಟ್ಟರೂ ಯಾರೂ ತಕರಾರು ತೆಗೆಯೋದಿಲ್ಲ. ಫೋಟೋಗೂ ಅದೇ ಒಳ್ಳೇದು. ಸೂರ್ಯ ನಿಮ್ಮ ಬೆನ್ನ ಕಡೆ ಇದ್ದರೆ ನೆಲ, ಮೋಡ ಎಲ್ಲ ಬೆಳಗಿ ಕಾಣುತ್ತೆ. ಎದುರಿಗಿದ್ದರೆ ಕಿಟಕಿಯ ಗೀರುಗಳಷ್ಟೇ ಹೊಳೆಯುತ್ತವೆ. ನೀವು ಬಲಗಡೆ ತಗೊಂಡಿದ್ದೇ ಎಡವಟ್ಟಾಗಿದ್ದು. ಫ್ರಾಂಕ್‌ಫರ್ಟ್‌ನಿಂದ ವಿಮಾನ ಆಗ್ನೇಯಕ್ಕೆ ಹಾರುತ್ತೆ. ಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ, ಆಮೇಲೆ ಪಶ್ಚಿಮಕ್ಕೆ. ಎರಡೂ ಬಲಗಡೆಯೇ. ಸೂರ್ಯ ಮುಳುಗುವ ತನಕ ನಿಮ್ಮ ಸಾಲಿಗೆ ಬಿಸಿಲು. ಎಡಗಡೆ ಕೂತಿದ್ದರೆ ಪಕ್ಕದವರಿಗೆ ಕೈಚಾಚೋ ಪ್ರಸಂಗವೇ ಬರುತ್ತಿರಲಿಲ್ಲ.

ಲೆಕ್ಕ ಕಷ್ಟ ಇಲ್ಲ. ಬೆಂಗಳೂರಿನಿಂದ ದೆಹಲಿಗೆ ಬೆಳಿಗ್ಗೆ ಹೋದರೆ ಮುಖ ಉತ್ತರಕ್ಕೆ, ಪೂರ್ವದ ಬಿಸಿಲು ಬಲಗಡೆ. ಆದ್ದರಿಂದ ಎಡಗಡೆ ಎ ಸೀಟ್ ತಗೊಳ್ಳಿ. ಸಂಜೆ ವಿಮಾನವಾದರೆ ಬಲಗಡೆ ಎಫ್. ವಾಪಸ್ ಬರುವಾಗ ಪೂರ್ತಿ ಉಲ್ಟಾ. ಮುಂಬೈಗೆ ಸಂಜೆ ಹೋಗುವಾಗ ಎಡಗಡೆಯವರಿಗೆ ಬಿಸಿಲು ಕಣ್ಣಿಗೇ ಬಡಿಯುತ್ತೆ, ಘಟ್ಟ ಕಾಣೋದೂ ಅದೇ ಕಡೆ, ಅಲ್ಲಿ ಮಾತ್ರ ಆಯ್ಕೆ ನಿಮ್ಮದು. ಕೋಲ್ಕತ್ತಾಕ್ಕೆ ಬೆಳಿಗ್ಗೆ ಹೊರಟರೆ ಎಡಗಡೆ. ಬೇಸಿಗೆಯ ನಡುಮಧ್ಯಾಹ್ನ ನಮ್ಮ ಕಡೆ ಇದರ ತಲೆಬಿಸಿಯೇ ಬೇಡ. ಏಪ್ರಿಲ್ ಕೊನೆಗೆ ಬೆಂಗಳೂರಲ್ಲಿ ಶೂನ್ಯ ನೆರಳಿನ ದಿನ ಬರುತ್ತಲ್ಲ, ಆ ಹೊತ್ತಿನಲ್ಲಿ ಸೂರ್ಯ ವಿಮಾನದ ಛಾವಣಿ ಮೇಲೆ ಇರುತ್ತಾನೆ, ಕಿಟಕಿಗೆ ಬರೋದಿಲ್ಲ.

ಇನ್ನೊಂದು. ಒಳ್ಳೆ ಫೋಟೋ ಸಿಗೋದು ಹಾರಿದ ಮೊದಲ ಇಪ್ಪತ್ತು ನಿಮಿಷ, ಇಳಿಯುವ ಕೊನೆಯ ಇಪ್ಪತ್ತು ನಿಮಿಷ. ಕೆರೆ, ಅಡಿಕೆ ತೋಟ, ರಸ್ತೆ ಎಲ್ಲ ಗುರುತು ಸಿಗೋ ಎತ್ತರ ಅದೇ. ಮೂವತ್ತೈದು ಸಾವಿರ ಅಡಿಯಲ್ಲಿ ಹೆಚ್ಚಿನ ದಿನ ಕೆಳಗೆ ಬರೀ ಮಬ್ಬು. ಅಂದರೆ ಶೇಡ್ ಹೇಗೂ ತೆರೆದಿರೋ ಹೊತ್ತಿನಲ್ಲೇ ನಿಮ್ಮ ಕೆಲಸ ಮುಗಿಯುತ್ತೆ. ನಡುವೆ ಎರಡು ಗಂಟೆ ಇಳಿಸಿಕೊಟ್ಟರೆ ನಷ್ಟ ಏನೂ ಇಲ್ಲ. ಹಿಮಾಲಯ, ಸೂರ್ಯೋದಯ, ಗುಡುಗು ಮೋಡ ಇದ್ದರೆ ಬೇರೆ ಮಾತು. ಆಗ ಪಕ್ಕದವರಿಗೆ ಮೊದಲೇ ಹೇಳಿ: 'ಇನ್ನು ಹತ್ತು ನಿಮಿಷದಲ್ಲಿ ಬೆಟ್ಟ ಕಾಣುತ್ತೆ, ಆಗ ಸ್ವಲ್ಪ ತೆಗೀತೀನಿ, ನಿಮಗೂ ತೋರಿಸ್ತೀನಿ.' ಇಷ್ಟು ಹೇಳಿದರೆ ಬಹುತೇಕರು ತಾವೇ ಬಗ್ಗಿ ನೋಡುತ್ತಾರೆ. ನೀವು ಮಧ್ಯದ ಸೀಟಲ್ಲಿದ್ದರೆ 'ಶೇಡ್ ಮುಚ್ಚಿ' ಅನ್ನಬೇಡಿ. 'ಬಿಸಿಲು ಕಣ್ಣಿಗೆ ಹೊಡೀತಿದೆ, ಸ್ವಲ್ಪ ಇಳಿಸ್ತೀರಾ' ಅನ್ನಿ. ಕಾರಣ ಗೊತ್ತಾದರೆ ಎಷ್ಟು ಇಳಿಸಬೇಕು ಅಂತ ಅವರಿಗೂ ಗೊತ್ತಾಗುತ್ತೆ. ಒಪ್ಪದಿದ್ದರೆ ಕರೆಗಂಟೆ ಒತ್ತಿ, ಸಿಬ್ಬಂದಿ ನೋಡಿಕೊಳ್ಳುತ್ತಾರೆ.

ಕ್ಯಾಮೆರಾದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಲೆನ್ಸನ್ನು ಕಿಟಕಿಗೆ ಒತ್ತಬೇಡಿ, ಅದುರುತ್ತೆ. ಒಂದು ಬೆರಳು ಜಾಗ ಬಿಟ್ಟು ಕಪ್ಪು ಬಟ್ಟೆ ಮರೆ ಮಾಡಿ. ಲೆನ್ಸ್ ಮುಂದೆ ಹೊಳಪು ತಗ್ಗಿಸೋಕೆ ಹಾಕೋ ಪೋಲರೈಸರ್ ಫಿಲ್ಟರ್ ಬಿಚ್ಚಿಡಿ, ಇಲ್ಲದಿದ್ದರೆ ಕಿಟಕಿಯ ಪ್ಲಾಸ್ಟಿಕ್‌ನಲ್ಲಿ ಕಾಮನಬಿಲ್ಲಿನ ಪಟ್ಟೆ ಬರುತ್ತೆ. ಕಿಟಕಿಯ ಕೆಳಗಡೆ ಒಂದು ಸಣ್ಣ ತೂತು ಕಾಣುತ್ತಲ್ಲ, ಅದರ ಸುತ್ತ ಚಳಿಗೆ ಮಂಜಿನ ಹೂವು ಕಟ್ಟಿರುತ್ತೆ. ಅದು ಬಿರುಕಲ್ಲ, ಪದರಗಳ ನಡುವಿನ ಗಾಳಿಯ ಒತ್ತಡ ಸರಿದೂಗಿಸೋಕೆ ಬೇಕಂತಲೇ ಇಟ್ಟಿದ್ದು. ಫ್ರೇಮಿನಲ್ಲಿ ಅದನ್ನು ತಪ್ಪಿಸಿದರೆ ಸಾಕು.

ಈಗ ನಿಮ್ಮ ನವೆಂಬರ್ ಪ್ರಯಾಣ. ದೆಹಲಿಯಿಂದ ಬಾಗ್‌ಡೋಗ್ರಾಕ್ಕೆ ಎಡಗಡೆ ತಗೊಳ್ಳಿ, ಕಣ್ಣುಮುಚ್ಚಿ. ವಿಮಾನ ಪೂರ್ವಕ್ಕೆ ಹೋಗುತ್ತೆ, ಹಿಮಾಲಯ ಉತ್ತರಕ್ಕೆ, ಅಂದರೆ ಎಡಕ್ಕೆ. ನವೆಂಬರ್‌ನಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುತ್ತಾನೆ, ಆ ಬಿಸಿಲೆಲ್ಲ ಬಲಗಡೆಯವರಿಗೆ. ಬೆಟ್ಟವೂ ನಿಮ್ಮ ಕಡೆ, ನೆರಳೂ ನಿಮ್ಮ ಕಡೆ. ಆಕಾಶ ತಿಳಿಯಾಗಿದ್ದರೆ ಎವರೆಸ್ಟ್, ಆಮೇಲೆ ಕಾಂಚನಜುಂಗಾ ಕಾಣುತ್ತೆ. ಬೆಳಗಿನ ವಿಮಾನ ಹಿಡಿಯಿರಿ, ಮಧ್ಯಾಹ್ನದ ಮೇಲೆ ಬೆಟ್ಟಕ್ಕೆ ಮೋಡ ಅಡ್ಡ ಬರುತ್ತೆ. ವಾಪಸ್ ಬರುವಾಗ ಬಲಗಡೆ. ರೆಕ್ಕೆಗಿಂತ ಮುಂದಿನ ಸಾಲು ಸಿಕ್ಕರೆ ಒಳ್ಳೇದು, ಸ್ವಲ್ಪ ದುಬಾರಿ. ಎಂಜಿನ್ ಹಿಂದೆ ಕೂತರೆ ಬಿಸಿಗಾಳಿಗೆ ಬೆಟ್ಟ ಅಲುಗಾಡಿದ ಹಾಗೆ ಬರುತ್ತೆ.

ಬಾಗ್‌ಡೋಗ್ರಾ ವಾಯುಪಡೆಯ ನೆಲೆ, ನಮ್ಮ ಬೀದರ್ ಹಾಗೆ. ಇಳಿಯುವಾಗ, ಹಾರುವಾಗ, ನೆಲದ ಮೇಲಿದ್ದಾಗ ಫೋಟೋ ಬೇಡ. ಶೇಡ್ ಬಗ್ಗೆ ಮೈಕ್‌ನಲ್ಲಿ ಏನು ಹೇಳುತ್ತಾರೋ ಹಾಗೆ. ನಿಮಗೆ ಬೇಕಾದ ಬೆಟ್ಟ ಅದಕ್ಕೂ ಮುಂಚೆಯೇ ಮೇಲಿದ್ದಾಗ ಸಿಗುತ್ತೆ. ಹೋಗುವಾಗ ಎ ಸೀಟನ್ನ ಅಮ್ಮನಿಗೆ ಕೊಟ್ಟು ನೀವು ಬಿ ಅಲ್ಲಿ ಕೂರಿ, ಬರುವಾಗ ಎಫ್ ನೀವು ತಗೊಳ್ಳಿ. ವೆಬ್ ಚೆಕ್‌ಇನ್ ಮಾಡುವಾಗ ಸೀಟ್ ಇನ್ನೊಮ್ಮೆ ನೋಡಿಕೊಳ್ಳಿ, ವಿಮಾನ ಬದಲಾದರೆ ಸೀಟೂ ಬದಲಾಗಿರುತ್ತೆ.