ಗ್ರೀನ್ ಟೀ ಕುಡಿದರೆ ನಿಜಕ್ಕೂ ತೂಕ ಇಳಿಯುತ್ತಾ? ಆರು ವರ್ಷದಿಂದ ಕುಡಿಯುತ್ತಿರುವವನ ಉತ್ತರ

ನೀವು ಕೇಳಿದ್ದು ಮೂರು ವಿಷಯ. ದಿನಾ ಗ್ರೀನ್ ಟೀ ಕುಡಿದರೆ ತೂಕ ಇಳಿಯುತ್ತಾ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯಬಹುದಾ, ಟೀ ಮಾಡುವ ರಗಳೆ ಬೇಡ ಅಂತ ಅದರ ಕ್ಯಾಪ್ಸೂಲ್ ನುಂಗಿದರೆ ಆಗಲ್ವಾ. ನಾನು ಡಾಕ್ಟರ್ ಅಲ್ಲ. ಆರು ವರ್ಷದಿಂದ ದಿನಾ ಕುಡಿಯುತ್ತಿದ್ದೇನೆ ಅಷ್ಟೆ, ಅದರಲ್ಲೂ ಮೊದಲ ವರ್ಷ ಪೂರ್ತಿ ತಪ್ಪಾಗಿಯೇ ಕುಡಿದೆ. ಆ ತಪ್ಪುಗಳಿಂದಾಗಿಯೇ ಇದರ ಬಗ್ಗೆ ಓದಲು ಶುರು ಮಾಡಿದ್ದು.

ತೂಕದ ಮಾತು ಮೊದಲು. ನಾನು ಶುರು ಮಾಡಿದ್ದೂ ಅದಕ್ಕೇ. ಮೂರು ತಿಂಗಳಲ್ಲಿ ಎರಡು ಕೆಜಿ ಇಳಿದೆ, ಸಿಕ್ಕವರಿಗೆಲ್ಲ ಗ್ರೀನ್ ಟೀ ಗುಣಗಾನ ಮಾಡಿಕೊಂಡು ಓಡಾಡಿದೆ. ಆಮೇಲೆ ಒಂದು ದಿನ ಸುಮ್ನೆ ಕೂತು ಲೆಕ್ಕ ಹಾಕಿದೆ. ಅದಕ್ಕೂ ಮುಂಚೆ ನಾನು ದಿನಕ್ಕೆ ನಾಲ್ಕು ಕಪ್ ಹಾಲು ಹಾಕಿದ ಟೀ ಕುಡಿಯುತ್ತಿದ್ದೆ, ಒಂದೊಂದು ಕಪ್ಪಿಗೂ ಎರಡು ಚಮಚ ಸಕ್ಕರೆ. ಚಮಚಕ್ಕೆ 4 ಗ್ರಾಂ ಅಂತ ಹಿಡಿದರೂ ದಿನಕ್ಕೆ 32 ಗ್ರಾಂ ಸಕ್ಕರೆ, ಅಂದರೆ ಹತ್ತಿರ ಹತ್ತಿರ 130 ಕ್ಯಾಲೊರಿ, ಹಾಲಿನದ್ದು ಬೇರೆ. ದಿನಕ್ಕೆ 25 ಗ್ರಾಂ ದಾಟದಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ನನ್ನದು ಟೀಯಲ್ಲೇ ದಾಟಿ ಹೋಗಿತ್ತು. ಇನ್ನೊಂದು, ಗ್ರೀನ್ ಟೀಗೆ ಬಿಸ್ಕತ್ತು ಅದ್ದಿ ತಿನ್ನಲು ಆಗುವುದಿಲ್ಲ (ಪ್ರಯತ್ನ ಮಾಡಿದ್ದೇನೆ, ಬೇಡ), ಹಾಗಾಗಿ ಬಿಸ್ಕತ್ತೂ ತಾನಾಗಿಯೇ ಬಿಟ್ಟುಹೋಯಿತು. ಎರಡು ಕೆಜಿ ಹೋಗಿದ್ದು ಅಲ್ಲಿ. ಎಲೆಯ ಮಹಿಮೆ ಏನೂ ಇರಲಿಲ್ಲ.

ನನ್ನೊಬ್ಬನ ಲೆಕ್ಕ ನಂಬಬೇಡಿ ಬಿಡಿ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2012ರಲ್ಲಿ ಇದನ್ನೇ ನೋಡಿತ್ತು. ಇಳಿಯುವ ತೂಕ ತುಂಬಾ ಕಡಿಮೆ, ಆರೋಗ್ಯಕ್ಕೆ ವ್ಯತ್ಯಾಸ ಆಗುವಷ್ಟಿಲ್ಲ ಅಂತ ಬಂತು. ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಸಕ್ಕರೆ ಟೀ ಬಿಟ್ಟು ಅದರ ಜಾಗದಲ್ಲಿ ಇದನ್ನು ಕುಡಿದರೆ ಇಳಿಯಬಹುದು. ಇರುವ ಟೀ ಕಾಫಿ ಎಲ್ಲ ಹಾಗೇ ಇಟ್ಟುಕೊಂಡು ಅದರ ಮೇಲೆ ಇದನ್ನೂ ಕುಡಿದರೆ ಏನೂ ಆಗಲ್ಲ. ಎರಡು ಚಮಚ ಜೇನುತುಪ್ಪ ಹಾಕಿಕೊಂಡು ಕುಡಿದರೂ ಕಥೆ ಅಷ್ಟೇ.

ಹಾಗಾದರೆ ಯಾಕೆ ಇನ್ನೂ ಕುಡಿಯುತ್ತೀಯ ಅಂತ ಕೇಳಬಹುದು. ರುಚಿ ಹಿಡಿಸಿದೆ, ಅದು ಮೊದಲ ಕಾರಣ. ಎರಡನೆಯದು ಹೃದಯ. ಇಲ್ಲಿ ಸ್ವಲ್ಪ ಗಟ್ಟಿಯಾದ ಮಾಹಿತಿ ಇದೆ. ಜಪಾನಿನ ಮಿಯಾಗಿ ಪ್ರಾಂತ್ಯದಲ್ಲಿ 40,530 ಜನರನ್ನು 11 ವರ್ಷದವರೆಗೆ ಗಮನಿಸಿ (ಯಾವ ಕಾಯಿಲೆಯಿಂದ ಸತ್ತರು ಅನ್ನುವುದನ್ನು ಮಾತ್ರ 7 ವರ್ಷದವರೆಗೆ) 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ ಐದು ಕಪ್ ಅಥವಾ ಅದಕ್ಕಿಂತ ಜಾಸ್ತಿ ಕುಡಿಯುವವರನ್ನು ದಿನಕ್ಕೆ ಒಂದು ಕಪ್ಪಿಗಿಂತ ಕಡಿಮೆ ಕುಡಿಯುವವರ ಜೊತೆ ಹೋಲಿಸಿದರೆ, ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಗಂಡಸರಲ್ಲಿ ಶೇ 22, ಹೆಂಗಸರಲ್ಲಿ ಶೇ 31ರಷ್ಟು ಕಡಿಮೆ ಇತ್ತು. ಕ್ಯಾನ್ಸರ್ ಸಾವಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಈ ಕೊನೆಯ ಮಾತನ್ನು ಗ್ರೀನ್ ಟೀ ಹೊಗಳುವವರು ಯಾರೂ ಹೇಳುವುದಿಲ್ಲ, ನೋಡಿ. ಇನ್ನು, ಇದು ಪ್ರಯೋಗ ಅಲ್ಲ, ಜನ ಹೇಗಿದ್ದರೋ ಹಾಗೆ ಗಮನಿಸಿದ್ದು. ದಿನಕ್ಕೆ ಐದು ಕಪ್ ಕುಡಿಯುವವರು ಬೇರೆ ವಿಷಯದಲ್ಲೂ ಬೇರೆ ಥರ ಬದುಕುತ್ತಿರಬಹುದು, ಅಲ್ವಾ? ವಯಸ್ಸು, ಬೀಡಿ ಸಿಗರೇಟು ಇಂಥವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ, ಆದರೂ ಅನುಮಾನ ಪೂರ್ತಿ ಹೋಗಲ್ಲ. ಕೆಟ್ಟ ಕೊಲೆಸ್ಟರಾಲ್ ಸ್ವಲ್ಪ ಇಳಿಯುತ್ತದೆ ಅನ್ನುವುದು ಮಾತ್ರ ಪ್ರಯೋಗಗಳಲ್ಲೇ ಕಂಡಿದೆ. ಸ್ವಲ್ಪ ಅಂದರೆ ಸ್ವಲ್ಪವೇ. ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇದನ್ನು ನಂಬಿ ಬಿಡಬೇಡಿ.

ಇದು ಬೇರೆ ಯಾವುದೋ ಗಿಡ ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ. ಅಲ್ಲ. ಕಪ್ಪು ಟೀಪುಡಿ ಮಾಡುವುದೂ ಅದೇ ಗಿಡದ ಎಲೆಯಿಂದ. ಕಿತ್ತ ಎಲೆಯನ್ನು ಬೇಗ ಹಬೆಯಲ್ಲಿಟ್ಟೋ ಬಾಣಲೆಯಲ್ಲಿ ಹುರಿದೋ ಬಿಸಿ ಮಾಡಿದರೆ ಅದನ್ನು ಕಪ್ಪಾಗಿಸುವ ಕಿಣ್ವ ಅಲ್ಲಿಗೇ ನಿಲ್ಲುತ್ತದೆ, ಎಲೆ ಹಸಿರಾಗಿ ಉಳಿಯುತ್ತದೆ, ಕ್ಯಾಟೆಚಿನ್ ಅನ್ನುವ ಅಂಶವೂ ಜಾಸ್ತಿ ಉಳಿಯುತ್ತದೆ. ಅದರಲ್ಲಿ ಮುಖ್ಯವಾದದ್ದು ಇಜಿಸಿಜಿ. ಈ ಹೆಸರು ನೆನಪಿರಲಿ, ಕೊನೆಗೆ ಬೇಕಾಗುತ್ತದೆ.

ಈಗ ಖಾಲಿ ಹೊಟ್ಟೆ. ಮೊದಲ ವರ್ಷ ನಾನು ಎದ್ದ ತಕ್ಷಣ, ಕುದಿಯುವ ನೀರು ಸುರಿದು, ಟೀ ಬ್ಯಾಗನ್ನು ಕಪ್ಪಿನಲ್ಲೇ ಬಿಟ್ಟು, ಕಷಾಯದ ಥರ ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದೆ. ಹತ್ತು ನಿಮಿಷಕ್ಕೆ ಹೊಟ್ಟೆ ತೊಳಸಿದ ಹಾಗೆ ಆಗುತ್ತಿತ್ತು. ಒಳಗಿನ ವಿಷ ಹೊರಗೆ ಹೋಗುತ್ತಿದೆ ಅಂತ ಒಬ್ಬರು ಧೈರ್ಯ ಬೇರೆ ತುಂಬಿದರು! ವಿಷವೂ ಇಲ್ಲ ಏನೂ ಇಲ್ಲ, ಆ ಕೆಲಸಕ್ಕೆ ಲಿವರ್, ಕಿಡ್ನಿ ಇವೆ. ಟೀಯಲ್ಲಿರುವ ಒಗರಿನ ಅಂಶ ಬರೀ ಹೊಟ್ಟೆಗೆ ಕೆಲವರಿಗೆ ಒಗ್ಗುವುದಿಲ್ಲ, ಅಷ್ಟೇ ವಿಷಯ. ನಿಮಗೆ ಒಗ್ಗಿದರೆ ಕುಡಿಯಿರಿ, ತೊಳಸಿದರೆ ಏನಾದರೂ ಸ್ವಲ್ಪ ತಿಂದು ಕುಡಿಯಿರಿ.

ಮಾಡುವ ರೀತಿ ಬದಲಾಯಿಸಿದ ಮೇಲೆ ನನ್ನ ಅರ್ಧ ಸಮಸ್ಯೆ ಹೋಯಿತು. ನೀರು ಕುದಿದ ಮೇಲೆ ಮುಚ್ಚಳ ತೆಗೆದು ನಾಲ್ಕೈದು ನಿಮಿಷ ಬಿಡುತ್ತೇನೆ, 80 ಡಿಗ್ರಿ ಆಸುಪಾಸಿಗೆ ಇಳಿಯಬೇಕು. ಆಮೇಲೆ ಒಂದು ಚಮಚ ಎಲೆ. ಮುದುಡಿಕೊಂಡಿದ್ದ ಎಲೆ ಒಂದೊಂದಾಗಿ ಬಿಚ್ಚಿಕೊಂಡು ತಳಕ್ಕೆ ಇಳಿಯುತ್ತದೆ, ನೀರು ಎಳೆ ಹಸಿರು ಬೆರೆತ ಹಳದಿ ಆಗುತ್ತದೆ. ಎರಡು ನಿಮಿಷಕ್ಕೆ ಸೋಸಿಬಿಡಬೇಕು. ಐದು ನಿಮಿಷ ಬಿಟ್ಟು ನೋಡಿ, ಬಣ್ಣ ಕಂದು, ನಾಲಿಗೆ ಪೂರ್ತಿ ಒಗರು. ಗ್ರೀನ್ ಟೀ ಕಹಿ ಅಂತ ಬಿಟ್ಟವರಲ್ಲಿ ಮುಕ್ಕಾಲು ಜನ ಕುದಿಯುವ ನೀರು ಹಾಕಿ ಕೆಡಿಸಿಕೊಂಡವರೇ ಅಂತ ನನ್ನ ಅಂದಾಜು. ಸುಡುಸುಡು ಕುಡಿಯುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. 65 ಡಿಗ್ರಿಗಿಂತ ಬಿಸಿಯಾಗಿ ಕುಡಿಯುವುದು, ಅದು ಯಾವ ಪಾನೀಯವೇ ಆಗಲಿ, ಅನ್ನನಾಳದ ಕ್ಯಾನ್ಸರಿಗೆ ಕಾರಣ ಆಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿದೆ.

ಊಟದ ಜೊತೆ ಮಾತ್ರ ಬೇಡ. ನನ್ನ ತಂಗಿಗೆ ರಕ್ತ ಕಡಿಮೆ ಇತ್ತು, ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ನನ್ನ ಮಾತು ಕೇಳಿ ಊಟ ಆದ ಕೂಡಲೇ ಗ್ರೀನ್ ಟೀ, ಅದರ ಜೊತೆಗೇ ಮಾತ್ರೆ. ಎರಡು ತಿಂಗಳಾದರೂ ಹಿಮೋಗ್ಲೋಬಿನ್ ಏರಲಿಲ್ಲ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ಮಾತ್ರೆ ಯಾವುದರ ಜೊತೆ ನುಂಗುತ್ತೀರಿ ಅಂತ. ಕಾಳು, ಸೊಪ್ಪು, ಮಾತ್ರೆಯಲ್ಲಿರುವ ಕಬ್ಬಿಣವನ್ನು ಟೀಯ ಅಂಶಗಳು ಹಿಡಿದುಕೊಳ್ಳುತ್ತವೆ, ದೇಹಕ್ಕೆ ಸೇರಲು ಬಿಡುವುದಿಲ್ಲ. ಊಟಕ್ಕೂ ಟೀಗೂ ಕನಿಷ್ಠ ಒಂದು ಗಂಟೆ ಅಂತರ ಇಟ್ಟರೆ ಸಾಕು. ತಂಗಿ ಈಗಲೂ ನನ್ನನ್ನು ಆಡಿಕೊಳ್ಳುತ್ತಾಳೆ, ಬಿಡಿ.

ರಕ್ತ ತೆಳುವಾಗಿಸುವ ವಾರ್ಫರಿನ್, ಬಿಪಿಗೆ ಕೊಡುವ ನಾಡೊಲಾಲ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಎರಡರ ಮೇಲೂ ಗ್ರೀನ್ ಟೀ ಪರಿಣಾಮ ಬೀರುತ್ತದೆ. ಕೆಫೀನ್ ಕೂಡ ಇದೆ, ಕಪ್ಪಿಗೆ ಸುಮಾರು 30 ಮಿಲಿಗ್ರಾಂ, ಕಾಫಿಯ ಮೂರನೇ ಒಂದು ಭಾಗ. ಬಸುರಿಯರು ಎಲ್ಲ ಸೇರಿ ದಿನಕ್ಕೆ 200 ಮಿಲಿಗ್ರಾಂ ದಾಟಬಾರದು. ನಾನು ಸಂಜೆ ನಾಲ್ಕರ ಮೇಲೆ ಕುಡಿದರೆ ರಾತ್ರಿ ಫ್ಯಾನ್ ನೋಡುತ್ತಾ ಮಲಗಿರುತ್ತೇನೆ.

ಕೊನೆಗೆ ಕ್ಯಾಪ್ಸೂಲ್. ಇದೊಂದು ವಿಷಯದಲ್ಲಿ ನಾನು ಖಂಡಿತ ಬೇಡ ಅನ್ನುತ್ತೇನೆ. ಟೀಯಾಗಿ ಕುಡಿಯುವವರಿಗೆ ಇಜಿಸಿಜಿ ಸಿಗುವುದು ದಿನಕ್ಕೆ ಸರಾಸರಿ 90ರಿಂದ 300 ಮಿಲಿಗ್ರಾಂ. ಸಾರ ತೆಗೆದು ತುಂಬಿದ ಕ್ಯಾಪ್ಸೂಲಿನಲ್ಲಿ ಅದು ಎಷ್ಟೋ ಪಟ್ಟು ಇರಬಹುದು. ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕೂ ಜಾಸ್ತಿ ಹೀಗೆ ತೆಗೆದುಕೊಂಡವರಲ್ಲಿ ಲಿವರಿಗೆ ತೊಂದರೆ ಆಗುತ್ತಿರುವ ಲಕ್ಷಣ ಕಂಡಿದೆ ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ತೂಕ ಇಳಿಸುವ ಆತುರದಲ್ಲಿ ಖಾಲಿ ಹೊಟ್ಟೆಗೆ ನುಂಗುವವರಿಗೆ ಅಪಾಯ ಇನ್ನೂ ಜಾಸ್ತಿ. ಈಗಾಗಲೇ ನುಂಗುತ್ತಿದ್ದು ಕಣ್ಣು ಹಳದಿ ಆಗಿದ್ದರೆ, ಮೂತ್ರದ ಬಣ್ಣ ಗಾಢವಾಗಿದ್ದರೆ ಇವತ್ತೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಬರೀ ಕೊಂಡು ಇಟ್ಟಿದ್ದೀರಿ ಅಂದರೆ ಬಾಟಲಿಯ ಹಿಂದೆ ಇಜಿಸಿಜಿ ಎಷ್ಟು ಅಂತ ಬರೆದಿದೆಯಾ ನೋಡಿ. ಬರೆದೇ ಇಲ್ಲ ಅಂದರೆ, ನಾನಾಗಿದ್ದರೆ ಮುಚ್ಚಳ ಕೂಡ ತೆಗೆಯುತ್ತಿರಲಿಲ್ಲ.