ಕಾಡುಹಂದಿಗೆ .315 ರೈಫಲ್‌ನ ತೋಟಾ ಸಾಕಾಗುತ್ತದೆಯೇ? ಎಷ್ಟು ದೂರದವರೆಗೆ ಅದನ್ನು ನಂಬಬಹುದು?

ಚಿಂಚೋಳಿ ತಾಲ್ಲೂಕಿನಲ್ಲಿ ತಮಗೆ ತೊಗರಿ ಹೊಲವಿದೆ, ತಂದೆಯವರ ಕಾಲದ, ಇಷಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್ (ಈ ಅಂಕಿ ನಳಿಗೆಯ ಒಳ ಅಗಲ, ಇಂಚಿನಲ್ಲಿ) ಈಗ ಲೈಸೆನ್ಸಿನೊಂದಿಗೆ ತಮ್ಮ ಹೆಸರಿಗೆ ಬಂದಿದೆ, ಹಂದಿಗಳ ಹಾವಳಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ ಎಂದು ಬರೆದಿದ್ದೀರಿ. ಅರಣ್ಯ ಇಲಾಖೆಯ ಅನುಮತಿ ದೊರೆತರೆ ಈ ರೈಫಲ್‌ನಿಂದ ಇನ್ನೂರು ಮೀಟರ್ ದೂರದ ಹಂದಿಯನ್ನು ಹೊಡೆಯಬಹುದೇ, ಇಲ್ಲವೇ ಇದನ್ನು ಕೊಟ್ಟು .30-06 ಎಂಬ ಇನ್ನೊಂದು ಅಳತೆಯ ರೈಫಲ್ ಕೊಳ್ಳಬೇಕೇ ಎಂಬುದು ತಮ್ಮ ಪ್ರಶ್ನೆ. ನಾನು ಕಲಬುರಗಿ ಜಿಲ್ಲೆಯವನು. ಪೊಲೀಸ್ ಇಲಾಖೆಯ ಆಯುಧಾಗಾರದಲ್ಲಿ ಬಹಳ ವರ್ಷ ಬಂದೂಕುಗಳ ದುರಸ್ತಿ ಮತ್ತು ಪರೀಕ್ಷೆಯ ಕೆಲಸ ಮಾಡಿ ನಿವೃತ್ತನಾದವನು. ತೋಟಾದ ಬಲದ ಮಟ್ಟಿಗೆ ಹೇಳುವುದಾದರೆ ಹಂದಿಗೆ .315 ಧಾರಾಳವಾಗಿ ಸಾಕು. ಇನ್ನೂರು ಮೀಟರಿಗೆ ಅದು ತಕ್ಕುದಲ್ಲ. ನೂರು ಮೀಟರನ್ನೇ ಗಡಿಯೆಂದು ಇಟ್ಟುಕೊಳ್ಳಿ. ಆದರೆ ನಮ್ಮ ಭಾಗದ ಸಮತಟ್ಟಾದ ಎರೆ ಹೊಲಗಳಲ್ಲಿ ಈ ಎರಡಕ್ಕಿಂತಲೂ ಮೊದಲು ಕೇಳಿಕೊಳ್ಳಬೇಕಾದದ್ದು, ಗುರಿ ತಪ್ಪಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು.

ಈ ತೋಟಾದ ಮೂಲ ತಿಳಿದರೆ ಅದರ ಸ್ವಭಾವ ಅರ್ಥವಾಗುತ್ತದೆ. ಇದು 1890ರ ಸುಮಾರಿಗೆ ಆಸ್ಟ್ರಿಯಾ-ಹಂಗೇರಿಯ ಸೈನ್ಯ ಬಳಸುತ್ತಿದ್ದ 8 ಮಿಲಿಮೀಟರ್ ಮ್ಯಾನ್‌ಲಿಕರ್ ತೋಟಾದ ವಂಶದ್ದು. ಬ್ರಿಟಿಷರ ಆಳ್ವಿಕೆಯಲ್ಲಿ ಸೈನ್ಯದ .303 ತೋಟಾ ನಾಗರಿಕರ ಕೈಗೆ ಹೋಗಬಾರದೆಂಬ ನಿರ್ಬಂಧವಿದ್ದುದರಿಂದ, ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿಯು ಲೀ ಮಾದರಿಯ, ಬೋಲ್ಟ್ ಎಂಬ ಸರಳನ್ನು ಕೈಯಿಂದ ಎಳೆದು ತಳ್ಳಿ ತೋಟಾ ಏರಿಸುವ ರೈಫಲ್‌ಗಳನ್ನೇ ಈ ಬೇರೆ ಅಳತೆಯಲ್ಲಿ ಮಾಡಿ ಭಾರತದ ಮಾರುಕಟ್ಟೆಗೆ ಕಳುಹಿಸಿತು. ಸ್ವಾತಂತ್ರ್ಯಾನಂತರ ಪಶ್ಚಿಮ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆ ರೈಫಲ್ ತಯಾರಿಸಿತು. ಪುಣೆಯ ಬಳಿಯ ಖಡಕಿಯ ಕಾರ್ಖಾನೆ ತೋಟಾ ತಯಾರಿಸಿತು. .303 ಇಂದಿಗೂ ನಿಷೇಧಿತ ಬೋರ್, ಅಂದರೆ ನಿಷೇಧಿತ ನಳಿಗೆ ಅಳತೆ, ಆಗಿಯೇ ಉಳಿದಿದ್ದು .315 ಸಾಮಾನ್ಯ ಲೈಸೆನ್ಸಿಗೆ ಸಿಗುತ್ತದೆ. ಲೈಸೆನ್ಸ್ ಇರುವ ಮನೆಗಳಲ್ಲಿ ರೈಫಲ್ ಎಂದರೆ ಹೆಚ್ಚಾಗಿ ಇದೇ ಕಾಣುವುದಕ್ಕೆ ಕಾರಣ ಇದಿಷ್ಟೇ ಹೊರತು, ಇದು ಎಲ್ಲಕ್ಕಿಂತ ಉತ್ತಮವೆಂದು ಯಾರೂ ಆರಿಸಿದ್ದಲ್ಲ.

ಗುಂಡಿನ ತೂಕ 244 ಗ್ರೇನ್, ಅಂದರೆ ಸುಮಾರು 15.8 ಗ್ರಾಂ. ನಳಿಗೆಯ ಬಾಯಿಂದ ಅದು ಹೊರಡುವ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 620 ಮೀಟರ್. ಈ ಎರಡರಿಂದ ಲೆಕ್ಕ ಹಾಕಿದರೆ ಶಕ್ತಿ ಸುಮಾರು 3000 ಜೂಲ್ ಆಗುತ್ತದೆ. .303ರ 174 ಗ್ರೇನ್ ಗುಂಡು ಸೆಕೆಂಡಿಗೆ 740 ಮೀಟರಿನಷ್ಟು ವೇಗದಲ್ಲಿ ಹೊರಟು ಕೊಡುವ ಶಕ್ತಿಯೂ ಬಹುಮಟ್ಟಿಗೆ ಇಷ್ಟೇ. ಎರಡರ ವ್ಯತ್ಯಾಸ ಇರುವುದು ಶಕ್ತಿಯಲ್ಲಲ್ಲ, ಆ ಶಕ್ತಿ ಬರುವ ಬಗೆಯಲ್ಲಿ: .315ರಲ್ಲಿ ತೂಕ ಹೆಚ್ಚು, ವೇಗ ಕಡಿಮೆ.

ಹತ್ತಿರದ ಹೊಡೆತಕ್ಕೆ ಈ ಗುಣವೇ ಅನುಕೂಲ. ಬಲಿತ ಗಂಡು ಹಂದಿಯ ಹೆಗಲ ಮೇಲೆ ಚರ್ಮದಡಿ ಗಟ್ಟಿಯಾದ ಪದರವೊಂದು ಬೆಳೆದಿರುತ್ತದೆ; ಅದರ ಮೇಲೆ ಒಣಗಿದ ಕೆಸರು ಮೆತ್ತಿಕೊಂಡಿರುತ್ತದೆ. ಹಗುರವಾದ ಅತಿವೇಗದ ಗುಂಡು ಅಲ್ಲಿಯೇ ಒಡೆದು ಚೂರಾಗುವ ಸಂಭವವಿದೆ. ಮೂತಿ ಮೆದುವಾಗಿರುವ, ಅಂದರೆ ಸಾಫ್ಟ್ ನೋಸ್ ಎಂದು ಮಾರಾಟವಾಗುವ .315 ಗುಂಡು ನಿಧಾನವಾಗಿ ಅರಳಿಕೊಂಡು, ತೂಕವನ್ನು ಉಳಿಸಿಕೊಂಡು, ಹೆಗಲ ಮೂಳೆಯನ್ನು ದಾಟಿ ಎದೆಗೂಡನ್ನು ತಲುಪುತ್ತದೆ. ಐವತ್ತರಿಂದ ಎಂಬತ್ತು ಮೀಟರಿನೊಳಗೆ, ಹಂದಿ ಪಕ್ಕೆ ತೋರಿಸಿ ನಿಂತಿರುವಾಗ, ಮುಂಗಾಲಿನ ಹಿಂದೆ ಕೆಳಭಾಗದಲ್ಲಿ ಬಿದ್ದ ಒಂದು ಗುಂಡು ಸಾಕು. ಹಂದಿಯ ಹೃದಯ ನಾವು ಊಹಿಸುವುದಕ್ಕಿಂತ ಕೆಳಗಿರುತ್ತದೆ. ಬೆನ್ನಿನ ಗೂನನ್ನೂ ಅದರ ಮೇಲಿನ ಕೂದಲನ್ನೂ ಸೇರಿಸಿ ನೋಡಿ ದೇಹದ ನಡುಭಾಗವನ್ನು ಅಳೆಯುವವರು ಮೇಲೆ ಹೊಡೆದು ಪ್ರಾಣಿಯನ್ನು ಗಾಯಗೊಳಿಸಿ ಬಿಡುತ್ತಾರೆ. ಗಾಯಗೊಂಡ ಹಂದಿ ತೊಗರಿಯೊಳಗೆ ಸೇರಿಕೊಂಡರೆ ಮರುದಿನ ಬೆಳಿಗ್ಗೆ ಕೊಯ್ಲಿಗೆ ಬರುವ ಹೆಣ್ಣುಮಕ್ಕಳ ಪ್ರಾಣಕ್ಕೆ ಅಪಾಯ. ಹೊಡೆಯುವವನು ಹೊರಬೇಕಾದ ಮೊದಲ ಹೊಣೆ ಇದು ಎಂದು ನಾನು ನಂಬಿದ್ದೇನೆ.

ದೂರ ಹೆಚ್ಚಿದಂತೆ ಇದೇ ಗುಂಡಿನ ದೋಷಗಳು ಕಾಣತೊಡಗುತ್ತವೆ. ಅದರ ಮೂತಿ ದುಂಡಾಗಿರುವುದರಿಂದ ಗಾಳಿಯ ತಡೆ ಹೆಚ್ಚು, ವೇಗ ಬೇಗನೆ ಕುಗ್ಗುತ್ತದೆ. ನೂರು ಮೀಟರಿಗೆ ಗುರಿ ಹೊಂದಿಸಿದ ರೈಫಲ್‌ನಿಂದ ಇನ್ನೂರು ಮೀಟರಿಗೆ ಹೊಡೆದರೆ ಗುಂಡು ಗುರಿಗಿಂತ ಒಂದು ಅಡಿಗೂ ತುಸು ಹೆಚ್ಚು ಕೆಳಗೆ ಬೀಳುತ್ತದೆ. ಹಂದಿಯ ಎದೆಯಲ್ಲಿ ಮರ್ಮಸ್ಥಾನದ ಅಗಲ ಒಂದು ಗೇಣಿಗಿಂತ ಹೆಚ್ಚಿಲ್ಲ. ಹಾಗಾಗಿ ದೂರದ ಅಂದಾಜಿನಲ್ಲಿ ಮೂವತ್ತು ನಲವತ್ತು ಮೀಟರ್ ಹೆಚ್ಚುಕಡಿಮೆಯಾದರೂ ಗುಂಡು ಎದೆಯ ಬದಲು ಕಾಲಿಗೋ ಹೊಟ್ಟೆಗೋ ಬೀಳುತ್ತದೆ, ಮತ್ತು ಗುರುತಿಗೆ ಒಂದು ಮರವೂ ಇಲ್ಲದ ಎರೆ ಬಯಲಿನಲ್ಲಿ ಅಂಥ ತಪ್ಪು ಅಂದಾಜು ಅನುಭವಿಗಳಿಂದಲೂ ಆಗುತ್ತದೆ. .30-06ರ 180 ಗ್ರೇನ್ ಗುಂಡು ಅದೇ ದೂರದಲ್ಲಿ ನಾಲ್ಕೈದು ಅಂಗುಲವಷ್ಟೇ ಇಳಿಯುತ್ತದೆ. ಈ ಒಂದು ವಿಷಯದಲ್ಲಿ ಅದು ಖಂಡಿತ ಮೇಲು.

ಭಾರವಾದ ಗುಂಡು ಪೊದೆಗಳನ್ನು ಸೀಳಿಕೊಂಡು ನೇರವಾಗಿ ಹೋಗುತ್ತದೆ ಎಂಬ ಮಾತನ್ನು ತಾವೂ ಕೇಳಿರಬಹುದು. ಅದನ್ನು ನಂಬಬೇಡಿ. ಡಿಸೆಂಬರ್ ಹೊತ್ತಿಗೆ ತೊಗರಿ ಆಳೆತ್ತರ ಬೆಳೆದು ಕಾಂಡ ಕಟ್ಟಿಗೆಯಂತಾಗಿರುತ್ತದೆ. ಅಂಥ ಕಾಂಡಕ್ಕೆ ತಗುಲಿದ ಯಾವ ಗುಂಡೂ, ಎಷ್ಟೇ ಭಾರವಿರಲಿ, ದಾರಿ ಬದಲಿಸುತ್ತದೆ. ಬೆಳೆಯೊಳಗೆ ಅಲುಗಾಟವನ್ನು ಕಂಡು ಗುಂಡು ಹಾರಿಸುವುದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅಲ್ಲಿ ಇರುವುದು ಹಂದಿಯೋ, ನೀರು ಬಿಡಲು ಬಂದ ಪಕ್ಕದ ಹೊಲದವನೋ ಎಂಬುದು ತಿಳಿಯುವುದಿಲ್ಲ.

ಈಗ ಗುಂಡು ನಿಲ್ಲುವ ಜಾಗದ ವಿಷಯ. ಗುರಿ ತಪ್ಪಿದ ಅಥವಾ ಪ್ರಾಣಿಯನ್ನು ದಾಟಿಹೋದ .315 ಗುಂಡು ಎರಡು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಗುಡ್ಡಗಾಡಿನಲ್ಲಿ ಇಳಿಜಾರೇ ಅದನ್ನು ತಡೆಯುತ್ತದೆ. ಜೇವರ್ಗಿ, ಅಫಜಲಪುರ, ಶಹಾಪುರ ಕಡೆಯ ಬಯಲಿನಲ್ಲಿ ಹೊಲದ ಬದುವನ್ನು ಬಿಟ್ಟರೆ ತಡೆಯೇ ಇಲ್ಲ. ಬದುವಿನಾಚೆ ವಸ್ತಿ ಮನೆ, ಕುರಿ ಹಟ್ಟಿ, ರಸ್ತೆ ಇರುತ್ತವೆ. ಶಹಾಬಾದ, ಚಿತ್ತಾಪುರ, ಸೇಡಂ ಭಾಗದಲ್ಲಿ ಇನ್ನೊಂದು ತೊಂದರೆಯಿದೆ. ಅಲ್ಲಿ ಮಣ್ಣಿನಡಿಯಲ್ಲಿ ಹಾಸುಗಲ್ಲಿನ ಪದರವಿದ್ದು ಹಲವು ಕಡೆ ಅದು ಮೇಲೆಯೇ ಕಾಣುತ್ತದೆ. ಸಮತಟ್ಟಾದ ಕಲ್ಲಿಗೆ ಓರೆಯಾಗಿ ತಾಗಿದ ಗುಂಡು, ಕೆರೆಯ ನೀರಿನ ಮೇಲೆ ಎಸೆದ ಬಿಲ್ಲೆಗಲ್ಲಿನಂತೆ, ಪುಟಿದು ಯಾವ ದಿಕ್ಕಿಗಾದರೂ ಹಾರುತ್ತದೆ. ಆದ್ದರಿಂದ ನೆಲದ ಮೇಲೆ ನಿಂತು ಅಡ್ಡಡ್ಡವಾಗಿ ಹೊಡೆಯದೆ, ಹತ್ತು ಹನ್ನೆರಡು ಅಡಿ ಎತ್ತರದ ಗಟ್ಟಿಯಾದ ಅಟ್ಟಣೆ ಕಟ್ಟಿಸಿ, ಕೆಳಮುಖವಾಗಿ, ಐವತ್ತು ಅರವತ್ತು ಮೀಟರಿನೊಳಗೆ, ಕಲ್ಲಿಲ್ಲದ ಮೆತ್ತನೆಯ ಎರೆಮಣ್ಣು ಹಿನ್ನೆಲೆಯಾಗಿರುವಾಗ ಮಾತ್ರ ಹೊಡೆಯುವುದು ಸರಿ. ಹೀಗೆ ಕಟ್ಟುನಿಟ್ಟು ಮಾಡಿದರೆ ತಾವು ಕೇಳಿದ ಇನ್ನೂರು ಮೀಟರ್ ಹೊಡೆತಕ್ಕೆ ಅವಕಾಶವೇ ಬರುವುದಿಲ್ಲ. ನಾನು .30-06 ಬೇಡವೆನ್ನುವುದೂ ಇದೇ ಕಾರಣಕ್ಕೆ. ಅದರ ಹೆಚ್ಚಿನ ವೇಗ ತಮ್ಮ ಹೊಲದಲ್ಲಿ ಉಪಯೋಗಕ್ಕೆ ಬಾರದು. ಅದರ ತೋಟಾ ದುಬಾರಿ, ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗುವುದೂ ಅಪರೂಪ. ಆ ಹಣದಲ್ಲಿ .315 ತೋಟಾ ಕೊಂಡು ಅಧಿಕೃತ ರೇಂಜಿನಲ್ಲಿ ಅಭ್ಯಾಸ ಮಾಡುವುದು ಮೇಲು.

ನುಣುಪು ನಳಿಗೆಯಿಂದ ಛರ್ರೆ ಹಾರಿಸುವ ಹನ್ನೆರಡು ಬೋರಿನ ಬಂದೂಕನ್ನೂ ಇಲ್ಲಿ ನೆನೆಯಬೇಕು. ಅದರ ದಪ್ಪ ಛರ್ರೆಗಳು ಮೂವತ್ತು ಮೀಟರಿನಾಚೆ ಚದುರಿ ಬಲ ಕಳೆದುಕೊಳ್ಳುತ್ತವೆ ಎಂದು ಅದನ್ನು ಹಗುರವಾಗಿ ಕಾಣುವವರಿದ್ದಾರೆ. ಜನವಸತಿ ಹತ್ತಿರವಿರುವ ಹೊಲದಲ್ಲಿ ಆ ಮಿತಿಯೇ ರಕ್ಷಣೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಪ್ರಕರಣ ಬೆಳೆ ರಕ್ಷಣೆಗೆಂದು ಹೆಸರಿಸುವುದು ಮೂತಿಯಿಂದ ಮದ್ದು ತುಂಬುವ ಬಂದೂಕನ್ನು, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಬಂದೂಕನ್ನು. ರೈಫಲ್‌ನ ಮಾತು ಆ ಉಪವಾಕ್ಯದಲ್ಲಿಲ್ಲ. ಆದ್ದರಿಂದ ತಮ್ಮ ಲೈಸೆನ್ಸಿನಲ್ಲಿ ಯಾವ ಉದ್ದೇಶ ಬರೆದಿದೆ ಎಂಬುದನ್ನು ಮೊದಲು ಓದಿ, ಸಂದೇಹವಿದ್ದರೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಲಿಖಿತವಾಗಿ ಕೇಳಿ.

ಅರಣ್ಯ ಇಲಾಖೆಯ ಅನುಮತಿ ಇದಕ್ಕಿಂತ ಬೇರೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷಿದ್ಧ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಹಾನಿ ಮಾಡುವ ಅಂಥ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು 11ನೇ ಪ್ರಕರಣದಡಿ ಕಾರಣ ನಮೂದಿಸಿ ಲಿಖಿತ ಆದೇಶ ಕೊಡಬಹುದು. ಯಾರದೋ ಬಾಯಿಮಾತಿನ ಒಪ್ಪಿಗೆ ಅನುಮತಿಯಲ್ಲ. ನಮ್ಮ ಬಯಲಿನಲ್ಲಿ ಹಿಂಡುಹಿಂಡಾಗಿ ಬರುವ ಕೃಷ್ಣಮೃಗ ಮೊದಲ ಅನುಸೂಚಿಯದು. ಬೆಳೆಹಾನಿಯ ಕಾರಣಕ್ಕೆ ಅದನ್ನು ಕೊಲ್ಲಲು ಕಾಯ್ದೆಯಲ್ಲಿ ದಾರಿಯೇ ಇಲ್ಲ, ಅದಕ್ಕೆ ಪರಿಹಾರದ ಅರ್ಜಿ ಹಾಕಬೇಕು. ತಮ್ಮ ಹೊಲ ಚಿಂಚೋಳಿ ವನ್ಯಜೀವಿಧಾಮಕ್ಕೆ ಹೊಂದಿಕೊಂಡಿದ್ದರೆ ಗಡಿಯನ್ನು ನಕ್ಷೆಯಲ್ಲಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಮುಖ್ಯ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಧಾಮದೊಳಗೆ ಕಾಲಿಡುವುದೇ ಅಪರಾಧ.

ರೈಫಲ್ ಹಳೆಯದಾದ್ದರಿಂದ ಕೆಲವು ಮಾತು. ಲೈಸೆನ್ಸ್ ಪಡೆದ ದುರಸ್ತಿಗಾರರಿಗೆ ನಳಿಗೆಯ ಒಳಗೆರೆಗಳು ಸವೆದಿವೆಯೇ, ಬೋಲ್ಟ್ ಗಟ್ಟಿಯಾಗಿ ಕೂರುತ್ತದೆಯೇ ಎಂಬುದನ್ನು ತೋರಿಸಿಯೇ ಮುಂದುವರಿಯಿರಿ. .315 ತೋಟಾದ ಬುಡದಲ್ಲಿ ಅಂಚು ಹೊರಚಾಚಿರುತ್ತದೆ. ಮ್ಯಾಗಜೀನ್ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಸಿಕ್ಕಿದರೆ ಬೋಲ್ಟ್ ತಳ್ಳಿದಾಗ ಎರಡೂ ಒಂದಕ್ಕೊಂದು ಸಿಲುಕಿ ಎರಡನೆಯ ತೋಟಾ ಏರುವುದಿಲ್ಲ, ಗಾಯಗೊಂಡ ಹಂದಿ ಎದುರಿಗಿರುವಾಗ ಇದು ಪ್ರಾಣಕ್ಕೆ ಬರುತ್ತದೆ. ನಮ್ಮ ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ತೋಟಾಗಳನ್ನು ಜೀಪಿನೊಳಗೆ ಬಿಡಬೇಡಿ. ಕಾದ ಮದ್ದು ಹೆಚ್ಚು ಒತ್ತಡ ಹುಟ್ಟಿಸುತ್ತದೆ, ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ತಂದೆಯವರ ಕಾಲದ ತೋಟಾ ಉಳಿದಿದ್ದರೆ ಅವನ್ನು ಈ ಕೆಲಸಕ್ಕೆ ಬಳಸಬೇಡಿ. ಟ್ರಿಗರ್ ಎಳೆದಾಗ ತೋಟಾ ಹಾರದಿದ್ದರೆ, ನಳಿಗೆಯನ್ನು ನೆಲದ ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯ್ದ ನಂತರವೇ ಬೋಲ್ಟ್ ತೆರೆಯಿರಿ.

ಅನುಮತಿಯ ಮೇರೆಗೆ ಹೊಡೆದ ಹಂದಿ ವನ್ಯಜೀವಿ ಕಾಯ್ದೆಯ 39ನೇ ಪ್ರಕರಣದ ಪ್ರಕಾರ ಸರ್ಕಾರದ ಸ್ವತ್ತು. ಅದನ್ನು ಕತ್ತರಿಸುವಂತಿಲ್ಲ, ಹಂಚುವಂತಿಲ್ಲ. ಬಿದ್ದಲ್ಲಿಯೇ ಬಿಟ್ಟು, ಎಷ್ಟು ತೋಟಾ ಖರ್ಚಾಯಿತೆಂದು ಬರೆದಿಟ್ಟುಕೊಂಡು, ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕೂಡಲೇ ತಿಳಿಸಬೇಕು.