ಒಂದು ಕಪ್ ಮೈದಾ ಎಂದರೆ ಎಷ್ಟು ಗ್ರಾಂ?

ಪ್ರಶ್ನೆ: ಅಮೆರಿಕದಲ್ಲಿರುವ ಸೊಸೆ ಬರೆದುಕೊಟ್ಟ ಕೇಕಿನ ವಿಧಾನದಲ್ಲಿ ಮೈದಾ ಎರಡು ಕಪ್, ಸಕ್ಕರೆ ಒಂದು ಕಪ್, ಬೆಣ್ಣೆ ಅರ್ಧ ಕಪ್, ಮೊಟ್ಟೆ ಎರಡು ಎಂದಿದೆ. ಅದರಂತೆ ಅಳೆದು ಮಾಡಿದರೂ ಒಮ್ಮೆ ಹದವಾಗಿ ಬರುತ್ತದೆ, ಇನ್ನೊಮ್ಮೆ ಒಣಗಿ ಬಿರುಕು ಬಿಡುತ್ತದೆ. ಈಗ ತಕ್ಕಡಿ ಕೊಂಡಿದ್ದೇನೆ. ಕಪ್ಪಿಗೆ ಇಷ್ಟು ಗ್ರಾಂ ಎಂದು ಒಂದೇ ಲೆಕ್ಕ ತಿಳಿಸುವಿರಾ? ಸಕ್ಕರೆಯ ಬದಲು ನಮ್ಮೂರಿನ ಬೆಲ್ಲ ಹಾಕಬಹುದೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಎಲ್ಲ ಪದಾರ್ಥಕ್ಕೂ ಹೊಂದುವ ಒಂದೇ ಲೆಕ್ಕ ಇಲ್ಲ. ಒಂದು ಪಾವು ಅಕ್ಕಿಯೂ ಒಂದು ಪಾವು ಅವಲಕ್ಕಿಯೂ ಸಮತೂಕ ಬರುವುದಿಲ್ಲವೆಂಬುದು ತಮಗೆ ತಿಳಿದೇ ಇದೆ. ಅಮೆರಿಕದ ಕಪ್ ಸುಮಾರು 237 ಮಿಲಿಲೀಟರ್ ಹಿಡಿಯುತ್ತದೆ. ಅದರಲ್ಲಿ ಮೈದಾ 120ರಿಂದ 125 ಗ್ರಾಂ, ಹರಳು ಸಕ್ಕರೆ 200 ಗ್ರಾಂ, ಬೆಣ್ಣೆ 227 ಗ್ರಾಂ, ಜೇನುತುಪ್ಪ ಸುಮಾರು 340 ಗ್ರಾಂ ತೂಗುತ್ತವೆ. ಹೀಗಾಗಿ ತಮ್ಮ ಕೇಕಿಗೆ ಮೈದಾ 250, ಸಕ್ಕರೆ 200, ಬೆಣ್ಣೆ 113 ಗ್ರಾಂ ಬೇಕು. ಅಂಗಡಿಯ 100 ಗ್ರಾಂ ಬೆಣ್ಣೆ ಪೊಟ್ಟಣ ಒಂದೇ ಸಾಲದು.

ತಮ್ಮ ತೊಂದರೆಯ ಮೂಲ ಬಹುಶಃ ಮೈದಾದಲ್ಲೇ ಇದೆ. ಡಬ್ಬದೊಳಕ್ಕೆ ಕಪ್ಪನ್ನೇ ಅದ್ದಿ ತುಂಬಿಕೊಂಡರೆ ಹಿಟ್ಟು ಒತ್ತಿಕೊಂಡು 140ರಿಂದ 150 ಗ್ರಾಂವರೆಗೂ ಹಿಡಿಯುತ್ತದೆ. ಅದೇ ಹಿಟ್ಟನ್ನು ಚಮಚದಿಂದ ಸಡಿಲವಾಗಿ ತುಂಬಿ, ಚಾಕುವಿನ ಬೆನ್ನಿನಿಂದ ಸವರಿದರೆ 120ರ ಆಸುಪಾಸಿಗೆ ನಿಲ್ಲುತ್ತದೆ. ಎರಡು ಕಪ್ಪಿಗೆ 50 ಗ್ರಾಂವರೆಗೆ ಹೆಚ್ಚಾದ ಈ ಹಿಟ್ಟು ಕಲಸಿದ ಹಾಲು, ಮೊಟ್ಟೆಗಳ ತೇವವನ್ನೆಲ್ಲ ಹೀರಿಕೊಳ್ಳುವುದರಿಂದ ಕೇಕ್ ಬಿರುಕು ಬಿಡುವುದು ಸಹಜ. ಆದ್ದರಿಂದ ಸೊಸೆಯವರು ಕಪ್ಪನ್ನು ಹೇಗೆ ತುಂಬುತ್ತಾರೆಂದು ಒಮ್ಮೆ ಕೇಳಿ ತಿಳಿಯಿರಿ. ಅವರೂ ಅದ್ದಿ ತುಂಬುವವರಾದರೆ ನಾನು ಹೇಳಿದ 250 ತಮಗೆ ಕಡಿಮೆಯಾಗುತ್ತದೆ. ಜರಡಿ ಹಿಡಿದ ಮೇಲೆ ಅಳೆದ ಮೈದಾ ಇನ್ನೂ ಹಗುರ.

ತಮ್ಮ ಕಪ್ಪನ್ನೂ ಪರೀಕ್ಷಿಸಿಬಿಡಿ. ಖಾಲಿ ಕಪ್ಪನ್ನು ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಅಂಚಿನವರೆಗೆ ನೀರು ತುಂಬಿದಾಗ ಎಷ್ಟು ಗ್ರಾಂ ತೋರಿಸುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಮಿಲಿಲೀಟರ್ ಅದರ ಅಳತೆ. ನಮ್ಮ ಅಂಗಡಿಗಳಲ್ಲಿ 240ರದೂ ಸಿಗುತ್ತವೆ, 250ರದೂ ಸಿಗುತ್ತವೆ. ಎಲ್ಲವನ್ನೂ ಒಂದೇ ಕಪ್ಪಿನಲ್ಲಿ ಅಳೆದರೆ ಪ್ರಮಾಣ ಕೆಡುವುದಿಲ್ಲವೆಂಬ ಮಾತು ಅರ್ಧ ಮಾತ್ರ ಸರಿ. ಕಪ್ ದೊಡ್ಡದಾಯಿತೆಂದು ಮೊಟ್ಟೆ ದೊಡ್ಡದಾಗುವುದಿಲ್ಲ.

ಬೆಲ್ಲವನ್ನು ಧಾರಾಳವಾಗಿ ಬಳಸಬಹುದು, ಆದರೆ ಕಪ್ಪಿನಲ್ಲಿ ಅಳೆಯಬೇಡಿ. ಅಚ್ಚು ಬೆಲ್ಲವನ್ನು ದಪ್ಪಗೆ ಕುಟ್ಟಿದರೆ ಚೂರುಗಳ ನಡುವೆ ಸಂದಿ ಉಳಿಯುತ್ತದೆ, ನುಣ್ಣಗೆ ತುರಿದು ಒತ್ತಿದರೆ ಕಪ್ಪಿನಲ್ಲಿ ಬಹಳಷ್ಟು ಹಿಡಿಯುತ್ತದೆ. ಸಕ್ಕರೆಯ ಬದಲಿಗೆ 200 ಗ್ರಾಂ ಬೆಲ್ಲವನ್ನೇ ತೂಗಿ ಹಾಕಿ. ಬೆಲ್ಲದಲ್ಲಿ ತೇವಾಂಶವಿರುವುದರಿಂದ ಹಾಲನ್ನು ಒಂದೆರಡು ಚಮಚ ಕಡಿಮೆ ಮಾಡಿ. ಬಣ್ಣ ಕಂದಾಗುತ್ತದೆ, ಸಿಹಿ ತುಸು ಇಳಿಯುತ್ತದೆ.

ಪ್ರಶ್ನೆ: ಬೇಕಿಂಗ್ ಪೌಡರನ್ನೂ ಅಡುಗೆಸೋಡವನ್ನೂ ತಕ್ಕಡಿಯಲ್ಲೇ ತೂಗಬೇಕೆ?
— ಓದುಗರೊಬ್ಬರು, ಮೈಸೂರು

ಉತ್ತರ: ಬೇಡ. ಒಂದು ಟೀ ಚಮಚ ಬೇಕಿಂಗ್ ಪೌಡರ್ ನಾಲ್ಕೈದು ಗ್ರಾಂ ಮಾತ್ರ. ಒಂದೊಂದೇ ಗ್ರಾಂ ಏರುವ ಮನೆಯ ತಕ್ಕಡಿಯಲ್ಲಿ ಅಷ್ಟು ಅಲ್ಪ ತೂಕ ನಂಬುವಂತೆ ಸಿಗುವುದಿಲ್ಲ. ಇಲ್ಲಿ 5 ಮಿಲಿಲೀಟರಿನ ಅಳತೆ ಚಮಚವನ್ನು ಸವರಿ ಬಳಸುವುದೇ ಮೇಲು. ಟೇಬಲ್ ಚಮಚವೆಂದರೆ 15 ಮಿಲಿಲೀಟರ್. ಆದರೆ ವಿಧಾನ ಆಸ್ಟ್ರೇಲಿಯದ್ದಾಗಿದ್ದರೆ 20 ಎಂದು ಎಣಿಸಿ.